ತಾಳೆ ಗರಿಯಲ್ಲಿ ಔಷಧಿ ಇದೆಯೇ? ಯಂತ್ರಕ್ಕೆ ಮುಂಗಡ ಕೊಡುವ ಮುನ್ನ

ಪ್ರಶ್ನೆ: ಕಾರಟಗಿ ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನಮಗೆ ಆರು ಎಕರೆ ಎಣ್ಣೆ ತಾಳೆ ತೋಟವಿದೆ. ಗಿಡಗಳಿಗೆ ಒಂಬತ್ತು ವರ್ಷ. ವರ್ಷಕ್ಕೆ 36 ಟನ್ ಆಸುಪಾಸು ಗೊನೆ ಗಿರಣಿಗೆ ಹೋಗುತ್ತದೆ. ಕಡಿದ ಗರಿಗಳನ್ನು ಬದುವಿನಲ್ಲಿ ಒಟ್ಟಿ ಬೇಸಿಗೆಯಲ್ಲಿ ಸುಡುತ್ತೇವೆ. ಈಚೆಗೆ ಒಬ್ಬರು ಬಂದು, ತಾಳೆಯ ಗರಿ, ನಾರು, ಖಾಲಿ ಗೊನೆ ಎಲ್ಲದರಲ್ಲೂ ವಿಟಮಿನ್ ಮತ್ತು ಔಷಧೀಯ ಸತ್ವಗಳಿವೆ, ಸಾರ ತೆಗೆಯುವ ಯಂತ್ರಕ್ಕೆ 12 ಲಕ್ಷ ಹಾಕಿದರೆ ಸಾರವನ್ನು ತಾವೇ ಕೊಳ್ಳುತ್ತೇವೆ ಎಂದರು. ಮಗಳು ಸಿಂಧನೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ, ಅವಳಿಗೂ ಕುತೂಹಲ. ಇದು ನಿಜವೇ? ನಾವು ಏನು ಮಾಡಬಹುದು?

ಉತ್ತರ: ಸತ್ವಗಳಿರುವುದು ನಿಜ. ಆ ಯಂತ್ರಕ್ಕೆ ಮಾತ್ರ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ಈ ಎರಡು ಮಾತುಗಳಲ್ಲಿ ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಹೇಗೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ. ಸಸ್ಯ ರಸಾಯನವನ್ನೇ ಕೆಲಸ ಮಾಡಿಕೊಂಡು ಬಂದವನಿಗೆ ಈ ಬೆಳೆಯ ತ್ಯಾಜ್ಯದ ಬಗ್ಗೆ ಹೇಳಬೇಕಾದದ್ದು ಬಹಳ ಇದೆ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ನಮ್ಮ ಕಡೆ ತಾಳೆ ಎಂದರೆ ಹಿರಿಯರಿಗೆ ನೆನಪಾಗುವುದು ತಾಟಿನಿಂಗಿನ ಮರ. ಅದು ಬೇರೆ. ನಿಮ್ಮ ತೋಟದಲ್ಲಿರುವುದು ಪಶ್ಚಿಮ ಆಫ್ರಿಕಾ ಮೂಲದ ಎಣ್ಣೆ ತಾಳೆ. ಇದರ ಗುಣವನ್ನು ಅದಕ್ಕೆ, ಅದರ ಗುಣವನ್ನು ಇದಕ್ಕೆ ಹೊಂದಿಸಿ ಹೇಳುವವರೂ ಇದ್ದಾರೆ.

ಮುಂದಿನ ಸಲ ಗೊನೆ ಕಡಿದಾಗ ಉದುರಿದ ಒಂದು ಹಣ್ಣನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಿ. ಒಳಗಿನ ಗಟ್ಟಿ ಚಿಪ್ಪಿನ ಸುತ್ತ ಕೇಸರಿ ಬಣ್ಣದ ತಿರುಳು, ತಿರುಳಿನ ತುಂಬ ನಾರು. ಬೆರಳಿಗೆ ಹತ್ತಿದ ಬಣ್ಣ ಸೋಪು ಹಚ್ಚಿದರೂ ಪೂರ್ತಿ ಬಿಡುವುದಿಲ್ಲ, ಕೈ ಒರೆಸಿದ ಬಿಳಿ ಟವೆಲ್ ಹಳದಿಯಾಗುತ್ತದೆ. ಆ ಬಣ್ಣವೇ ಕ್ಯಾರೊಟಿನ್. ಗಜ್ಜರಿಗೆ ಬಣ್ಣ ಕೊಡುವುದೂ ಅದೇ, ನಮ್ಮ ದೇಹ ಅದರಿಂದ ವಿಟಮಿನ್ ಎ ಮಾಡಿಕೊಳ್ಳುತ್ತದೆ. ಹಿಂಡಿದ ಕಚ್ಚಾ ತಾಳೆ ಎಣ್ಣೆಯ ಹತ್ತು ಲಕ್ಷ ಪಾಲಿನಲ್ಲಿ 500ರಿಂದ 700 ಪಾಲು ಕ್ಯಾರೊಟಿನ್, 600ರಿಂದ 1,000 ಪಾಲು ವಿಟಮಿನ್ ಇ ಇರುತ್ತದೆ. ವಿಟಮಿನ್ ಇ ಎಂಬುದು ಎಂಟು ಸದಸ್ಯರ ಕುಟುಂಬ: ನಾಲ್ಕು ಟೊಕೊಫೆರಾಲ್, ನಾಲ್ಕು ಟೊಕೊಟ್ರೈನಾಲ್. ಬಹಳಷ್ಟು ಅಡುಗೆ ಎಣ್ಣೆಗಳಲ್ಲಿ ಇರುವುದು ಟೊಕೊಫೆರಾಲ್. ತಾಳೆಯಲ್ಲಾದರೆ ಟೊಕೊಟ್ರೈನಾಲ್‌ಗಳದೇ ಮೇಲುಗೈ, ಸುಮಾರು ಶೇ. 70. ಜಗತ್ತಿನ ಮಾರುಕಟ್ಟೆಯಲ್ಲಿ ತಾಳೆಯ ವಿಟಮಿನ್ ಇಗೆ ಪ್ರತ್ಯೇಕ ಬೆಲೆ ಬಂದಿರುವುದು ಇದರಿಂದ.

ಇನ್ನು ಗಿರಣಿಗೆ ಹೋಗೋಣ. ಗೊನೆಯನ್ನು ಮೊದಲು ಸುಮಾರು 140 ಡಿಗ್ರಿಯ ಹಬೆಯಲ್ಲಿ ಬೇಯಿಸುತ್ತಾರೆ. ಕೊಯ್ದ ಹಣ್ಣಿನಲ್ಲಿ ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆದು ಹುಳಿ ಮಾಡುತ್ತಿರುತ್ತದೆ. ಹಬೆ ಅದನ್ನು ಕೊಲ್ಲುತ್ತದೆ, ಹಣ್ಣನ್ನು ಗೊನೆಯಿಂದ ಬಿಡಿಸುತ್ತದೆ. ಆಮೇಲೆ ಹಣ್ಣನ್ನು ಕುಟ್ಟಿ ಹಿಂಡುತ್ತಾರೆ. ಒಂದು ಟನ್ ಗೊನೆಯಿಂದ ಎಣ್ಣೆ ಸಿಗುವುದು 200 ಕೆ.ಜಿ.ಯ ಒಳಗೆ. ಉಳಿಯುವುದು 220 ಕೆ.ಜಿ. ಆಸುಪಾಸು ಖಾಲಿ ಗೊನೆ, 130 ಕೆ.ಜಿ.ಯಷ್ಟು ಹಿಂಡಿದ ನಾರು, 60 ಕೆ.ಜಿ.ಯಷ್ಟು ಚಿಪ್ಪು ಮತ್ತು 600ರಿಂದ 700 ಲೀಟರ್ ಕಂದು ಬಣ್ಣದ ಕುದಿ ನೀರು. ಎಣ್ಣೆಗಿಂತ ಹಿಂದೆ ಉಳಿಯುವುದೇ ಹೆಚ್ಚು.

ಯಾವ ಸತ್ವ ಎಲ್ಲಿ ಉಳಿಯುತ್ತದೆ ಎಂಬುದಕ್ಕೆ ಒಂದು ಸರಳ ಸೂತ್ರವಿದೆ. ಎಣ್ಣೆಯಲ್ಲಿ ಕರಗುವಂಥವು ನಾರಿಗೆ ಅಂಟಿಕೊಂಡಿರುತ್ತವೆ, ನೀರಿನಲ್ಲಿ ಕರಗುವಂಥವು ಕಂದು ನೀರಿಗೆ ಹೋಗುತ್ತವೆ, ಮರದ ಅಂಶಕ್ಕೆ ಕಟ್ಟಿಬಿದ್ದವು ಖಾಲಿ ಗೊನೆ ಮತ್ತು ಗರಿಯ ದಿಂಡಿನಲ್ಲೇ ಕೂತಿರುತ್ತವೆ.

ನನ್ನ ದೃಷ್ಟಿಯಲ್ಲಿ ಇವುಗಳಲ್ಲಿ ಅತ್ಯಂತ ಬೆಲೆಬಾಳುವುದು ನಾರು. ಎಷ್ಟೇ ಹಿಂಡಿದರೂ ಒಣ ತೂಕದ ಶೇ. 5ರಿಂದ 6ರಷ್ಟು ಎಣ್ಣೆ ಅದರಲ್ಲಿ ಉಳಿದುಬಿಡುತ್ತದೆ. ಈ ಉಳಿದ ಎಣ್ಣೆ ಮೊದಲು ಹಿಂಡಿದ ಎಣ್ಣೆಯಂಥದ್ದಲ್ಲ. ಮಲೇಷ್ಯಾದ ವಿಜ್ಞಾನಿಗಳು 1990ರ ದಶಕದಲ್ಲೇ ಅಳೆದು ತೋರಿಸಿದಂತೆ, ಇದರಲ್ಲಿ ಕ್ಯಾರೊಟಿನ್ ಹತ್ತು ಲಕ್ಷಕ್ಕೆ 4,000ದಿಂದ 6,000 ಪಾಲು, ವಿಟಮಿನ್ ಇ 2,400ರಿಂದ 3,500 ಪಾಲು. ಜೊತೆಗೆ ಎಣ್ಣೆಯಲ್ಲಿ ಕರಗುವ ಇತರ ಸತ್ವಗಳಾದ ಸ್ಟೆರಾಲ್‌ಗಳು, ಸ್ಕ್ವಾಲೀನ್. ಕ್ಯಾರೊಟಿನ್ ಲೆಕ್ಕದಲ್ಲಿ ಮೊದಲ ಎಣ್ಣೆಯ ಎಂಟು ಪಟ್ಟು. ಸಾಮಾನ್ಯವಾಗಿ ಈ ನಾರು ಗಿರಣಿಯ ಬಾಯ್ಲರ್‌ನಲ್ಲಿ ಉರಿದು ಹೋಗುತ್ತದೆ.

ಹಾಗಾದರೆ ಯಂತ್ರ ಯಾಕೆ ಬೇಡ? ಲೆಕ್ಕ ಹಾಕೋಣ. ಒಂದು ಟನ್ ಗೊನೆಯ 130 ಕೆ.ಜಿ. ನಾರಿನಲ್ಲಿ ತೇವ ಕಳೆದರೆ ಸುಮಾರು 80 ಕೆ.ಜಿ. ಅದರಲ್ಲಿ ಶೇ. 5ರ ಲೆಕ್ಕದಲ್ಲಿ ಎಣ್ಣೆ 4 ಕೆ.ಜಿ. ಆ 4 ಕೆ.ಜಿ. ಎಣ್ಣೆಯಲ್ಲಿ ಕ್ಯಾರೊಟಿನ್ ಸುಮಾರು 20 ಗ್ರಾಂ, ವಿಟಮಿನ್ ಇ 12 ಗ್ರಾಂ. ನಿಮ್ಮ ಇಡೀ ವರ್ಷದ 36 ಟನ್ ಗೊನೆಯ ನಾರನ್ನು ಒಂದು ಎಳೆಯೂ ಹಾಳಾಗದಂತೆ ಹಿಡಿದು, ಒಂದು ಹನಿಯೂ ಬಿಡದೆ ತೆಗೆದರೂ ಸಿಗುವ ಕ್ಯಾರೊಟಿನ್ 720 ಗ್ರಾಂ. ವಿಟಮಿನ್ ಇ ಅರ್ಧ ಕೆ.ಜಿ.ಗೂ ಕಡಿಮೆ. ಅದೂ ಶುದ್ಧ ಪುಡಿಯಲ್ಲ, ಎಣ್ಣೆಯೊಳಗೆ ಬೆರೆತಿರುವ ಸತ್ವ. ಅದನ್ನು ಬೇರ್ಪಡಿಸಲು ಹೆಕ್ಸೇನ್‌ನಂಥ ದ್ರಾವಕ ಬೇಕು, ಇಲ್ಲವೇ ಭಾರೀ ಒತ್ತಡದ ಇಂಗಾಲದ ಡೈಆಕ್ಸೈಡ್ ಬಳಸುವ ಉಪಕರಣ ಬೇಕು. ಹೆಕ್ಸೇನ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗಿ ದೂರದ ಕಿಡಿಯಿಂದಲೂ ಹೊತ್ತಿಕೊಳ್ಳುತ್ತದೆ. ಮನೆಯ ಹಿತ್ತಲಿನಲ್ಲಿ ಇಡುವ ವಸ್ತುವೇ ಅಲ್ಲ. ನಿಮ್ಮ ನಾರು ಎಲ್ಲಿದೆ ಎಂಬ ಪ್ರಶ್ನೆ ಬೇರೆ: ಅದು ನಿಮ್ಮ ತೋಟದಲ್ಲಿಲ್ಲ, ಗಿರಣಿಯಲ್ಲಿದೆ.

ಇದೇ ಲೆಕ್ಕವನ್ನು ದಿನಕ್ಕೆ 80 ಟನ್ ಗೊನೆ ಅರೆಯುವ ಗಿರಣಿಗೆ ಹಾಕಿ. ದಿನಕ್ಕೆ 300 ಕೆ.ಜಿ.ಗೂ ಹೆಚ್ಚು ನಾರಿನ ಎಣ್ಣೆ, ಅದರೊಳಗೆ ಒಂದೂವರೆ ಕೆ.ಜಿ. ಕ್ಯಾರೊಟಿನ್. ಎಣ್ಣೆ ತೆಗೆದ ಮೇಲೂ ನಾರು ಉರಿಯುತ್ತದೆ, ಬಾಯ್ಲರ್‌ಗೆ ದೊಡ್ಡ ನಷ್ಟವಿಲ್ಲ. ಈ ಮಟ್ಟದಲ್ಲಿ ಮಾತ್ರ ಇದು ಉದ್ಯಮದ ಮಾತು.

ಈ ಪಾಠ ನಮ್ಮ ಭಾಗಕ್ಕೆ ಹೊಸದೂ ಅಲ್ಲ. ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳ ತೌಡನ್ನು ನೆನಪಿಸಿಕೊಳ್ಳಿ. ತೌಡಿನಲ್ಲಿ ಶೇ. 15ರಿಂದ 20 ಎಣ್ಣೆ ಇದೆ, ಒರೈಜನಾಲ್ ಎಂಬ ಸತ್ವ ಇದೆ, ತಾಳೆಯಂತೆಯೇ ಟೊಕೊಟ್ರೈನಾಲ್ ಕೂಡ ಇದೆ. ಆದರೂ ಯಾವ ರೈತರೂ ಮನೆಯಲ್ಲಿ ತೌಡಿನ ಎಣ್ಣೆ ತೆಗೆಯುವುದಿಲ್ಲ. ಯಾಕೆಂದರೆ ಭತ್ತ ಅರೆದ ಗಳಿಗೆಯಿಂದ ತೌಡಿನೊಳಗಿನ ಲೈಪೇಸ್ ಕೆಲಸ ಶುರು ಮಾಡುತ್ತದೆ. ಗಂಟೆಗಳ ಲೆಕ್ಕದಲ್ಲಿ ಎಣ್ಣೆ ಹುಳಿಯಾಗುತ್ತ ಹೋಗುತ್ತದೆ. ತಾಜಾ ಇರುವಾಗಲೇ ದ್ರಾವಕ ಘಟಕ (ಹೆಕ್ಸೇನ್‌ನಂಥ ದ್ರಾವಕದಿಂದ ಎಣ್ಣೆ ತೆಗೆಯುವ ಕಾರ್ಖಾನೆ) ಸೇರಿದ ತೌಡು ಅಡುಗೆ ಎಣ್ಣೆಯಾಗುತ್ತದೆ, ತಡವಾದದ್ದು ಸೋಪಿನ ಕಾರ್ಖಾನೆಗೆ ಅಥವಾ ದನದ ಬಾನಿಗೆ ಹೋಗುತ್ತದೆ. ತಾಳೆ ನಾರಿನದ್ದೂ ಇದೇ ಕಥೆ. ಅಲ್ಲಿ ಕಿಣ್ವ ಹಬೆಗೆ ಸತ್ತಿರುತ್ತದೆ, ಆದರೆ ಗಾಳಿ ಮತ್ತು ಬೆಳಕು ಆ ಕೆಲಸ ಮುಂದುವರಿಸುತ್ತವೆ.

ತೌಡಿನ ದ್ರಾವಕ ಘಟಕಗಳೇ ತಮ್ಮ ಬಿಡುವಿನ ತಿಂಗಳುಗಳಲ್ಲಿ ತಾಳೆ ನಾರನ್ನೂ ಪ್ರಯೋಗಕ್ಕೆ ತೆಗೆದುಕೊಂಡರೆ ಹೇಗೆ ಎಂಬ ಆಸೆ ನನಗೆ ಬಹಳ ದಿನದಿಂದ ಇದೆ. ನಾರು ಹಗುರ, ಲಾರಿಯಲ್ಲಿ ಜಾಗ ತಿನ್ನುತ್ತದೆ, ಸಾಗಣೆ ವೆಚ್ಚ ಬೀಳುತ್ತದೆ, ಅಡ್ಡಿಗಳಿವೆ. ಆದರೆ ಈ ಪ್ರಶ್ನೆಯನ್ನು ದ್ರಾವಕ ಘಟಕದವರಿಗೆ ಕೇಳಬೇಕಾದವರು ತಾಳೆ ಗಿರಣಿಯವರು. ನಿಮ್ಮಂಥ ಬೆಳೆಗಾರರು ಹತ್ತಾರು ಮಂದಿ ಸೇರಿ ಅವರು ಕೇಳುವಂತೆ ಮಾಡಬಹುದು.

ನಿಮ್ಮ ಮಗಳಿಗೆ ಒಂದು ಕೆಲಸ ಕೊಡುತ್ತೇನೆ. ಗಿರಣಿಯಿಂದ ಆಗ ತಾನೇ ಹಿಂಡಿ ಬಂದ ನಾರು ಎರಡು ಹಿಡಿ ತರಲಿ. ಬಿಸಿಯಿರುವಾಗಲೇ ಮುಟ್ಟಿದರೆ ಜಿಡ್ಡು ಗೊತ್ತಾಗುತ್ತದೆ. ಒಂದು ಹಿಡಿಯನ್ನು ಬಿಳಿ ತಟ್ಟೆಯಲ್ಲಿ ಹರಡಿ ಮಾಳಿಗೆಯ ಬಿಸಿಲಿಗೆ ಇಡಲಿ. ಇನ್ನೊಂದು ಹಿಡಿಯನ್ನು ಡಬ್ಬಿಯಲ್ಲಿ ಒತ್ತಿ ತುಂಬಿ, ಗಾಳಿಯಾಡದಂತೆ ಮುಚ್ಚಿ, ಕತ್ತಲಲ್ಲಿ ಇಡಲಿ. ಪ್ರತಿ ಸಂಜೆ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಬೆಳಕಿನಲ್ಲಿ ಮೊಬೈಲ್‌ನಿಂದ ಚಿತ್ರ ತೆಗೆಯಲಿ. ಬಿಸಿಲಿನ ನಾರು ದಿನದಿನಕ್ಕೆ ಕೇಸರಿ ಬಿಟ್ಟು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಕ್ಯಾರೊಟಿನ್ ಅಣುವಿನ ಉದ್ದ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಜೋಡಿ ಬಂಧಗಳಿವೆ. ಬಣ್ಣ ಬರುವುದು ಅವುಗಳಿಂದಲೇ, ಬೆಳಕು ಮತ್ತು ಆಮ್ಲಜನಕ ಮೊದಲು ಮುರಿಯುವುದೂ ಅವನ್ನೇ. ಆದ್ದರಿಂದ ಬಣ್ಣ ಹೋದಷ್ಟೂ ಸತ್ವ ಹೋಯಿತು ಎಂದೇ ಅರ್ಥ. ಗಿರಣಿಯ ಹಿಂದೆ ವಾರಗಟ್ಟಲೆ ಬಿಸಿಲಿಗೆ ಬಿದ್ದ ರಾಶಿಯಿಂದ ವಿಟಮಿನ್ ತೆಗೆಯುತ್ತೇವೆ ಎನ್ನುವವರ ಮಾತನ್ನು ಅಳೆಯಲು ಈ ಒಂದು ತಟ್ಟೆ ಸಾಕು.

ನೀರಿಗೆ ಹೋಗುವ ಸತ್ವಗಳ ಬಗ್ಗೆಯೂ ಹೇಳುತ್ತೇನೆ. ಗಿರಣಿಯ ಕಂದು ನೀರು ಹೊರಬರುವಾಗ 80–90 ಡಿಗ್ರಿ ಬಿಸಿ, ಹುಳಿ ಗುಣದ್ದು. ಹಾಗೇ ಹಳ್ಳಕ್ಕೆ ಬಿಟ್ಟರೆ ನೀರಿನಲ್ಲಿರುವ ಆಮ್ಲಜನಕವನ್ನು ಪೂರ್ತಿ ನುಂಗಿ ಮೀನುಗಳನ್ನು ಕೊಲ್ಲುತ್ತದೆ. ಇದೇ ನೀರಿನಿಂದ ಮಲೇಷ್ಯಾದ ತಾಳೆ ಎಣ್ಣೆ ಮಂಡಳಿಯ ಸಂಶೋಧಕರು ಫೀನಾಲಿಕ್ ಸಂಯುಕ್ತಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ಮುಖ್ಯವಾದದ್ದು ಕೆಫಿಯೊಯಿಲ್ ಶಿಕಿಮಿಕ್ ಆಮ್ಲ. ಹೆಸರು ಕಠಿಣ, ಆದರೆ ಕಾಫಿಯಲ್ಲಿರುವ ಕ್ಲೊರೊಜೆನಿಕ್ ಆಮ್ಲದ ದಾಯಾದಿ ಅಷ್ಟೇ. ಪ್ರಯೋಗಶಾಲೆಯ ನೈಲ್ ಇಲಿಗಳಲ್ಲಿ ಈ ಸಾರ ಸಕ್ಕರೆ ಕಾಯಿಲೆಯ ಬೆಳವಣಿಗೆಯನ್ನು ನಿಧಾನಗೊಳಿಸಿತು. ಆಸಕ್ತಿ ಹುಟ್ಟಿಸುವ ಫಲಿತಾಂಶವೇ. ಆದರೆ ಇಲಿಯ ಫಲಿತಾಂಶ ಮನುಷ್ಯರ ಔಷಧಿಯಲ್ಲ. ಸದ್ಯಕ್ಕೆ ಆ ನೀರಿನ ಗಟ್ಟಿ ಉಪಯೋಗ ಜೈವಿಕ ಅನಿಲ: ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿದರೆ ಒಂದು ಘನ ಮೀಟರ್ ನೀರಿನಿಂದ ಸುಮಾರು 28 ಘನ ಮೀಟರ್ ಅನಿಲ ಸಿಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್.

ಈಗ ನಿಮ್ಮ ಗರಿಗೆ ಬರೋಣ, ಯಂತ್ರದವರು ಮಾತಾಡಿದ್ದು ಹೆಚ್ಚಾಗಿ ಅದರ ಬಗ್ಗೆಯೇ ಇರಬೇಕು. ಎಣ್ಣೆ ತಾಳೆಯ ಎಲೆಯಲ್ಲಿ ಓರಿಯೆಂಟಿನ್, ಐಸೊಓರಿಯೆಂಟಿನ್, ವೈಟೆಕ್ಸಿನ್, ಐಸೊವೈಟೆಕ್ಸಿನ್ ಎಂಬ ಫ್ಲೇವೊನಾಯ್ಡ್‌ಗಳಿವೆ. ಪ್ರಯೋಗಶಾಲೆಯಲ್ಲಿ ಇವು ಉತ್ಕರ್ಷಣ ನಿರೋಧಕಗಳಾಗಿ, ಅಂದರೆ ಆಮ್ಲಜನಕದಿಂದಾಗುವ ಹಾನಿ ತಡೆಯುವ ವಸ್ತುಗಳಾಗಿ, ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಇವು ತಾಳೆಗೆ ಮಾತ್ರ ಸೀಮಿತವಲ್ಲ. ಓರಿಯೆಂಟಿನ್ ತುಳಸಿಯಲ್ಲಿದೆ, ಅದು ಇಲಿಗಳನ್ನು ವಿಕಿರಣದಿಂದ ಎಷ್ಟು ಕಾಪಾಡುತ್ತದೆ ಎಂದು 1990ರ ದಶಕದಲ್ಲಿ ಮಣಿಪಾಲದಲ್ಲೇ ಅಧ್ಯಯನ ನಡೆಯಿತು. ವೈಟೆಕ್ಸಿನ್ ಹೆಸರುಕಾಳಿನ ಹಸಿರು ಸಿಪ್ಪೆಯಲ್ಲಿದೆ, ಆ ಸಿಪ್ಪೆ ನಮ್ಮ ಬೇಳೆ ಗಿರಣಿಗಳಲ್ಲಿ ಮೂಟೆಗಟ್ಟಲೆ ಸಿಗುತ್ತದೆ. ಕೊಳ್ಳುವವನಿಗೆ ಮುಳ್ಳಿನ ಗರಿ ಕಡಿದು, ಎಲೆ ಬಿಡಿಸಿ, ಒಣಗಿಸಿದ್ದಕ್ಕಿಂತ ಅದೇ ಅಗ್ಗ. ಕಾಲೇಜಿನ ಪ್ರಯೋಗಶಾಲೆಯಲ್ಲಿ ತಾಳೆ ಎಲೆಯ ಕಷಾಯಕ್ಕೆ ಫೆರಿಕ್ ಕ್ಲೋರೈಡ್ ಎರಡು ಹನಿ ಹಾಕಿದರೆ ಹಸಿರು-ನೀಲಿ ಕಪ್ಪು ಬಣ್ಣ ಬರುತ್ತದೆ, ಫೀನಾಲಿಕ್ ಇದೆ ಎಂಬುದಕ್ಕೆ ಅದು ಸಾಕ್ಷಿ. ಚಹಾ ಸೊಪ್ಪಿನ ಕಷಾಯಕ್ಕೆ ಹಾಕಿದರೂ ಬರುತ್ತದೆ. ಯಂತ್ರ ಮಾರುವವರು ಈ ಬಣ್ಣ ತೋರಿಸಿ ‘ನೋಡಿ ಔಷಧಿ’ ಎಂದರೆ ಮಗಳು ಧೈರ್ಯವಾಗಿ ಚಹಾ ಲೋಟ ಮುಂದಿಡಲಿ.

ಆ ಕಷಾಯವನ್ನು ಯಾರೂ ಕುಡಿಯಬೇಡಿ. ಸಸ್ಯದಿಂದ ಬಂದದ್ದೆಲ್ಲ ಹಿತ ಎಂಬ ನಂಬಿಕೆ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಕ್ಯಾರೊಟಿನ್‌ನದೇ ಉದಾಹರಣೆ ಇದೆ. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಶೇ. 18ರಷ್ಟು ಹೆಚ್ಚಾಯಿತು. ಊಟದಲ್ಲಿ ಬರುವ ಕ್ಯಾರೊಟಿನ್ ಬೇರೆ, ಸಾಂದ್ರ ಮಾತ್ರೆಯಾಗಿ ನುಂಗುವುದು ಬೇರೆ. ಯಾವ ಸಾರವನ್ನೇ ಆಗಲಿ ಆಹಾರವೆಂದು ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಬೇಕು. ನಿಮ್ಮಲ್ಲಿಗೆ ಬಂದವರು ಆ ಕಾಗದದ ಮಾತೆತ್ತಿದರೇ?

ಖಾಲಿ ಗೊನೆಯ ಮರದ ಅಂಶದಲ್ಲಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಇವೆ. ಹೆಮಿಸೆಲ್ಯುಲೋಸ್ ಒಡೆದರೆ ಜೈಲೋಸ್ ಸಕ್ಕರೆ, ಅದರಿಂದ ಜೈಲಿಟಾಲ್ ಎಂಬ ಸಿಹಿಕಾರಕ. ಲಿಗ್ನಿನ್‌ನಿಂದ ವೆನಿಲಾ ವಾಸನೆಯ ವೆನಿಲಿನ್ ಸಿಗುತ್ತದೆ. ನಾರ್ವೆಯಲ್ಲಿ ಸ್ಪ್ರೂಸ್ ಮರದ ಲಿಗ್ನಿನ್‌ನಿಂದ ಅದನ್ನು ನಿಜಕ್ಕೂ ತಯಾರಿಸುತ್ತಾರೆ. ತಾಳೆಯಲ್ಲಿ ಇವೆಲ್ಲ ಇನ್ನೂ ದೊಡ್ಡ ಬಂಡವಾಳದ ರಸಾಯನ ಕಾರ್ಖಾನೆಯ ವಿಷಯ. ಚಿಪ್ಪಿನಿಂದ ನೀರು ಶುದ್ಧೀಕರಣದ ಇದ್ದಿಲು ಆಗುತ್ತದೆ, ಒಳಬೀಜದ ಹಿಂಡಿ ದನಕ್ಕಾಗುತ್ತದೆ.

ಒಂದು ಸಂಗತಿ ಮಾತ್ರ ನನಗೆ ಬಹಳ ನೋವು ಕೊಡುತ್ತದೆ, ಹೇಳದೆ ಇರಲಾರೆ. ತ್ಯಾಜ್ಯದಲ್ಲಿರುವ ಕ್ಯಾರೊಟಿನ್ ಬಗ್ಗೆ ಇಷ್ಟು ಮಾತಾಡುತ್ತೇವೆ. ಆದರೆ ಅಸಲು ಎಣ್ಣೆಯಲ್ಲಿದ್ದ ಕ್ಯಾರೊಟಿನ್ ಎಲ್ಲಿ ಹೋಯಿತು? ಶುದ್ಧೀಕರಣದಲ್ಲಿ ಜೇಡಿಯಿಂದ ಬಣ್ಣ ಎಳೆದು, 240 ಡಿಗ್ರಿಗೂ ಮೇಲೆ ಕಾಯಿಸಿ ಅದನ್ನು ನಾಶ ಮಾಡುತ್ತಾರೆ. ಅಂಗಡಿಯ ಪಾಮೋಲಿನ್ ತಿಳಿಯಾಗಿರುವುದು ಅದರಿಂದಲೇ. ಕೆಂಪು ಎಣ್ಣೆಯನ್ನು ಜನ ಒಪ್ಪುವುದಿಲ್ಲ ಎಂಬುದು ಕಾರಣ. ಮಕ್ಕಳಲ್ಲಿ ವಿಟಮಿನ್ ಎ ಕೊರತೆ ಇರುವ ನಾಡಿನಲ್ಲಿ ವಿಟಮಿನ್ ಎ ಮೂಲವನ್ನು ಸುಟ್ಟು ಎಣ್ಣೆಯನ್ನು ಬೆಳ್ಳಗೆ ಮಾಡುವುದನ್ನು ನಾನು ಒಪ್ಪಲಾರೆ.

ನೀವು ಮಾಡಬಹುದಾದದ್ದೇನು? ಮೊದಲನೆಯದಾಗಿ, ಗರಿ ಸುಡುವುದನ್ನು ಇಂದೇ ನಿಲ್ಲಿಸಿ. ಎಕರೆಗೆ 57 ಮರ, ಮರಕ್ಕೆ ವರ್ಷಕ್ಕೆ 20–24 ಗರಿ. ನಿಮ್ಮ ಆರು ಎಕರೆಯಲ್ಲಿ ಸುಮಾರು ಏಳರಿಂದ ಎಂಟು ಸಾವಿರ ಗರಿ ಬೀಳುತ್ತದೆ. ಬೆಳೆದ ತೋಟದಲ್ಲಿ ಇದು ಎಕರೆಗೆ ಸುಮಾರು 4 ಟನ್ ಒಣ ತೂಕ, ಅದರಲ್ಲಿ ಸುಮಾರು 40 ಕೆ.ಜಿ. ಸಾರಜನಕ ಇದೆ, ಅಂದರೆ 45 ಕೆ.ಜಿ.ಯ ಎರಡು ಚೀಲ ಯೂರಿಯಾದಲ್ಲಿರುವಷ್ಟು. ಪೊಟ್ಯಾಸಿಯಂ ಅದಕ್ಕಿಂತ ಹೆಚ್ಚು. ಬೆಂಕಿ ಇಟ್ಟಾಗ ಸಾರಜನಕ ಹೊಗೆಯಾಗಿ ಹೋಗುತ್ತದೆ. ಬದಲಿಗೆ ಸಾಲು ಬಿಟ್ಟು ಸಾಲಿನಲ್ಲಿ ಗರಿಗಳನ್ನು ಅಡ್ಡ ಹಾಸಿ, ಮುಳ್ಳಿನ ದಿಂಡು ಓಡಾಡುವ ದಾರಿಗೆ ಬರದಂತೆ ನೋಡಿಕೊಳ್ಳಿ. ಕಾಲುವೆ ಕೆಳಗಿನ ಎರೆ ಭೂಮಿಯಲ್ಲಿ ಬಿಸಿಲಿಗೆ ನೀರು ಆವಿಯಾದಂತೆ ಉಪ್ಪು ಮೇಲಕ್ಕೆ ಬರುತ್ತದೆ, ಸವುಳು ಹೆಚ್ಚುತ್ತದೆ. ಹೊದಿಕೆ ಇದ್ದರೆ ಆವಿಯಾಗುವುದು ಕಡಿಮೆ, ಉಪ್ಪು ಏರುವುದೂ ಕಡಿಮೆ.

ಗಿರಣಿಗೆ ಗೊನೆ ಹಾಕಿ ಬರುವ ಟ್ರ್ಯಾಕ್ಟರ್ ಖಾಲಿ ಬರುವ ಬದಲು ಖಾಲಿ ಗೊನೆ ತುಂಬಿಕೊಂಡು ಬರಲಿ. ನಿಮ್ಮ ಪಾಲಿಗೆ ವರ್ಷಕ್ಕೆ ಸುಮಾರು 8 ಟನ್ ಆಗುತ್ತದೆ. ಒಣ ತೂಕದಲ್ಲಿ ಶೇ. 2ಕ್ಕೂ ಹೆಚ್ಚು ಪೊಟ್ಯಾಸಿಯಂ ಇರುವ ವಸ್ತು ಅದು. ಬುಡದಿಂದ ಸ್ವಲ್ಪ ದೂರ ಪಾತಿಯ ಸುತ್ತ ಒಂದೇ ಪದರವಾಗಿ ಹರಡಿ. ರಾಶಿ ಹಾಕಲೇಬೇಡಿ, ಕೊಳೆಯುವ ರಾಶಿಯಲ್ಲಿ ಕುರುವಾಯಿ ಕೀಟ ಮೊಟ್ಟೆಯಿಟ್ಟು, ಆಮೇಲೆ ನಿಮ್ಮ ಮರದ ಸುಳಿಗೇ ಬರುತ್ತದೆ. ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕ ಹಿಡಿದಿಡುವುದರಿಂದ ಮೇಲೆ ಸಗಣಿ ಬಗ್ಗಡ ಎರಚಿದರೆ ಒಳ್ಳೆಯದು.

ಮಗಳ ಉತ್ಸಾಹಕ್ಕೆ ದಾರಿ ಬೇಕೆಂದರೆ ನಾನು ತೋರಿಸುವುದು ಅಣಬೆಯನ್ನು. ಭತ್ತದ ಹುಲ್ಲಿನ ಅಣಬೆಯನ್ನು ಆಗ್ನೇಯ ಏಷ್ಯಾದಲ್ಲಿ ಖಾಲಿ ಗೊನೆಯ ಮೇಲೆ ಬೆಳೆಯುತ್ತಾರೆ. ಅದಕ್ಕೆ 30–35 ಡಿಗ್ರಿಯ ಸೆಕೆ ಇಷ್ಟ, ನಮ್ಮಲ್ಲಿ ಅದಕ್ಕೆ ಬರವಿಲ್ಲ. ಸೆಲ್ಯುಲೋಸ್ ಒಡೆಯುವ ಕೆಲಸವನ್ನು 12 ಲಕ್ಷದ ಯಂತ್ರದ ಬದಲು ಒಂದು ಶಿಲೀಂಧ್ರ ಬಿಟ್ಟಿಯಾಗಿ ಮಾಡುತ್ತದೆ, ಉಳಿದ ಕಸ ಮತ್ತೆ ಪಾತಿಗೆ ಗೊಬ್ಬರ. ಹತ್ತು ಗೊನೆಯಿಂದ ಶುರು ಮಾಡಿ, ಸೋತರೂ ನಷ್ಟ ದೊಡ್ಡದಲ್ಲ.

ಗಂಗಾವತಿಯಲ್ಲೇ ಅಖಿಲ ಭಾರತ ಸಂಯೋಜಿತ ತಾಳೆ ಸಂಶೋಧನಾ ಯೋಜನೆಯ ಕೇಂದ್ರವಿದೆ, ಎಣ್ಣೆ ತಾಳೆಯ ಮೇಲೆ ಕೆಲಸ ಮಾಡುತ್ತದೆ. ಗರಿ ಹಾಸುವ ಕ್ರಮ, ಗೊಬ್ಬರ ಎಷ್ಟು ಕಡಿತ ಮಾಡಬಹುದು ಎಂಬುದನ್ನು ಮಣ್ಣು ಪರೀಕ್ಷೆಯ ವರದಿ ಹಿಡಿದುಕೊಂಡು ಅಲ್ಲಿ ಕೇಳಿ. ಸಂಸ್ಕರಣೆಯ ಆಳಕ್ಕೆ ಇಳಿಯಬೇಕೆಂದು ಮಗಳಿಗೆ ಅನಿಸಿದರೆ, ಆಂಧ್ರದ ಏಲೂರು ಬಳಿಯ ಪೆದವೇಗಿಯಲ್ಲಿ ಭಾರತೀಯ ಎಣ್ಣೆ ತಾಳೆ ಸಂಶೋಧನಾ ಸಂಸ್ಥೆ ಇದೆ. ಪದವಿ ಮುಗಿಸಿದ ಮೇಲೆ ಅಲ್ಲಿಗೆ ಒಮ್ಮೆ ಕರೆದುಕೊಂಡು ಹೋಗಿ ಬನ್ನಿ. ಅದಕ್ಕೂ ಮುಂಚೆ ಆ ಎರಡು ಹಿಡಿ ನಾರಿನ ಚಿತ್ರಗಳನ್ನು ನನಗೆ ಕಳಿಸಲಿ. ಎಷ್ಟನೇ ದಿನ ಬಣ್ಣ ಬಿಟ್ಟಿತು, ಆ ದಿನಗಳಲ್ಲಿ ಬಿಸಿಲು ಎಷ್ಟಿತ್ತು ಎಂದು ಪಕ್ಕದಲ್ಲಿ ಬರೆದಿರಲಿ.